ಬಗ್ ಗೊತ್ತಿದ್ದೂ ಅಪ್‌ಡೇಟ್ ಯಾಕೆ ತಡ? ಒಬ್ಬ ಪ್ರೊಡ್ಯೂಸರ್‌ನ ಅನುಭವ

ಗೇಮ್ ಸ್ಟುಡಿಯೊದಲ್ಲಿ ನಾನು ಪ್ರೊಡ್ಯೂಸರ್. ಯಾವ ಬಗ್ (ಆಟದ ಕೋಡ್‌ನಲ್ಲಿರುವ ದೋಷ) ಯಾವ ಅಪ್‌ಡೇಟ್‌ನಲ್ಲಿ ಸರಿಯಾಗಬೇಕು ಅಂತ ತೀರ್ಮಾನಿಸುವ ಮೀಟಿಂಗ್ ನಡೆಸುವುದು ನನ್ನ ಕೆಲಸ. ಆಟಗಾರರು ಕೇಳುವುದು ಯಾವಾಗಲೂ ಒಂದೇ: "ಇಷ್ಟು ಜನ ಬಾಯಿ ಬಡ್ಕೊಳ್ತಿದ್ದೀವಿ, ಇವರಿಗೆ ಕಾಣಲ್ವಾ?" ಕಾಣುತ್ತದೆ. ಎಷ್ಟೋ ಸಲ ಆಟ ಹೊರಗೆ ಬರುವ ಮೊದಲೇ ನಮ್ಮ ಟೆಸ್ಟರ್‌ಗಳಿಗೆ ಕಂಡಿರುತ್ತದೆ. ತಡವಾಗುವುದು ಬೇರೆ ಕಾರಣಕ್ಕೆ, ಆ ಕಾರಣ ಹೆಚ್ಚಾಗಿ ದುಡ್ಡಿನ ಲೆಕ್ಕದಲ್ಲಿ ಇರುತ್ತದೆ.

ಮೊಬೈಲ್‌ನಲ್ಲೂ ಪಿಸಿಯಲ್ಲೂ ಓಡುವ ನಮ್ಮ ಒಂದು ಆಟದಲ್ಲಿ ಎರಡು ಬಗ್ ಹತ್ತಿರಹತ್ತಿರ ಬಂದವು. ಮೊದಲನೆಯದು ಆಟದೊಳಗಿನ ಅಂಗಡಿಯದು. ಆಟದೊಳಗಿನ ನಾಣ್ಯವಾದ ರತ್ನ ಕೊಂಡು, ಪಾವತಿ ಆಗುತ್ತಿರುವಾಗಲೇ ನೆಟ್ ಆಫ್ ಮಾಡಿ ಆಟ ಮತ್ತೆ ತೆರೆದರೆ ಒಂದು ಪಾವತಿಗೆ ಎರಡು ಸಲ ರತ್ನ ಜಮಾ ಆಗುತ್ತಿತ್ತು. ವರದಿ ಬಂದ ತಕ್ಷಣ ಸರ್ವರ್ ಕಡೆಯಿಂದ ಅಂಗಡಿ ಮುಚ್ಚಿಸಿದರು. ರಾತ್ರಿ ಕಳೆಯುವಷ್ಟರಲ್ಲಿ ರಿಪೇರಿ ಮುಗಿದಿತ್ತು.

ಎರಡನೆಯದು ಸಾಮಾನು ಇಡುವ ಪೆಟ್ಟಿಗೆಯದು. ಪೆಟ್ಟಿಗೆ ತುಂಬಿರುವಾಗ ಚೀಲದಿಂದ ಏನನ್ನಾದರೂ ಅದಕ್ಕೆ ಎಳೆದರೆ ಆ ವಸ್ತು ಮಾಯ. ಕೋಡ್‌ನಲ್ಲಿ ಮೊದಲು ಚೀಲದಿಂದ ಅಳಿಸಿ, ಆಮೇಲೆ ಪೆಟ್ಟಿಗೆಯಲ್ಲಿ ಜಾಗ ಇದೆಯಾ ಎಂದು ನೋಡುತ್ತಿದ್ದರು. ಆ ಎರಡರ ಕ್ರಮ ಅದಲುಬದಲು ಮಾಡಿದರೆ ಮುಗಿಯಿತು. ಅಂಗಡಿಯ ಬಗ್‌ಗಿಂತ ಎಷ್ಟೋ ಸಣ್ಣ ಕೆಲಸ. ಆದರೆ ಇದು ಹೋಗಿದ್ದು ಮುಂದಿನ ಸೀಸನ್ (ಹೊಸ ನಕ್ಷೆ, ಪಾತ್ರ ತರುವ ದೊಡ್ಡ ಅಪ್‌ಡೇಟ್) ಜೊತೆ, ತಿಂಗಳುಗಟ್ಟಲೆ ಕಾದ ಮೇಲೆ. ಅಷ್ಟರಲ್ಲಿ ವಾರಗಟ್ಟಲೆ ಆಡಿ ಗಳಿಸಿದ ಕತ್ತಿ ಕಳೆದುಕೊಂಡವರ ಪತ್ರಗಳನ್ನು ನಮ್ಮ ಸಪೋರ್ಟ್ ತಂಡ ದಿನಾ ಓದುತ್ತಿತ್ತು.

ಮೀಟಿಂಗ್‌ನ ಪಟ್ಟಿಯಲ್ಲಿ ಪ್ರತಿ ಬಗ್‌ಗೂ ಒಂದು ಸಾಲು. ಎಷ್ಟು ಗಂಭೀರ, ಎಷ್ಟು ಜನರಿಗೆ ತೊಂದರೆ, ತಪ್ಪಿಸಿಕೊಳ್ಳುವ ದಾರಿ ಇದೆಯಾ. ಪೆಟ್ಟಿಗೆಯ ಬಗ್ ಮುಂದೆ "ದಾರಿ ಇದೆ, ಪೆಟ್ಟಿಗೆ ತುಂಬಲು ಬಿಡಬೇಡಿ" ಎಂದು ಬರೆದಿತ್ತು. ಆ ಒಂದು ಸಾಲಿನಿಂದಲೇ ಅದು ಕೆಳಗೆ ಜಾರಿತು. ದುಡ್ಡು ಅಂತ ಕಾಲಂ ಇರಲಿಲ್ಲ. ಆದರೆ ಚರ್ಚೆ ಬಿಸಿಯಾದಾಗ ಪ್ರತಿ ಸಲ ಅದೇ ಮಾತು: ಇದರಿಂದ ಆದಾಯ ನಿಲ್ಲುತ್ತದಾ?

ಹೊರಗಿನ ನಿಯಮಗಳೂ ಈ ಲೆಕ್ಕವನ್ನು ತಿರುಗಿಸುತ್ತವೆ. ಪಿಸಿ ಆಟ ಮಾರುವ ಸ್ಟೀಮ್ ಸ್ಟೋರ್‌ನಲ್ಲಿ ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಹಾಗಾಗಿ ಮೊದಲ 2 ಗಂಟೆಯಲ್ಲಿ ಕಾಣುವ ಬಗ್ ಎಂದರೆ ಎಲ್ಲರೂ ಎದ್ದು ಕೂರುತ್ತಾರೆ. 30ನೇ ಗಂಟೆಯಲ್ಲಿ ಬರುವ ಬಗ್ ವಿಷಯದಲ್ಲಿ ಆ ಭಯ ಇಲ್ಲ. ಅಷ್ಟು ಹೊತ್ತು ಆಡಿದವರು ಆಟವನ್ನು ಪ್ರೀತಿಸುವವರು, ಸುಮ್ನೆ ಬಿಟ್ಟು ಹೋಗುವುದಿಲ್ಲ ಎಂಬ ಧೈರ್ಯ. ಅತಿ ಹೆಚ್ಚು ನಂಬಿದವರನ್ನೇ ಅತಿ ಹೆಚ್ಚು ಕಾಯಿಸುವ ಈ ಲೆಕ್ಕ ನನಗೆ ಇವತ್ತಿಗೂ ಸಹಿಸಲಾಗುವುದಿಲ್ಲ.

ಗೂಗಲ್ ಪ್ಲೇನಲ್ಲೂ ಹೀಗೇ. ದಿನಕ್ಕೆ ಬಳಸುವವರಲ್ಲಿ ಕ್ರ್ಯಾಶ್ (ಆ್ಯಪ್ ಏಕಾಏಕಿ ಮುಚ್ಚಿಹೋಗುವುದು) ಕಂಡವರು 1.09 ಶೇಕಡಾ ದಾಟಿದರೆ, ಅಥವಾ ಆ್ಯಪ್ ಸ್ತಬ್ಧವಾದದ್ದನ್ನು ಕಂಡವರು 0.47 ಶೇಕಡಾ ದಾಟಿದರೆ, ಸ್ಟೋರ್ ಆ ಆ್ಯಪ್ ಅನ್ನು ಕಡಿಮೆ ಜನರಿಗೆ ತೋರಿಸಬಹುದು. ಹೊಸ ಆಟಗಾರರು ಬರುವುದು ಕಡಿಮೆಯಾಯಿತು ಎಂದರೆ ನೇರ ನಷ್ಟ. ಆದ್ದರಿಂದ ಕ್ರ್ಯಾಶ್ ಎಂದರೆ ಓಟ. ಕ್ರ್ಯಾಶ್ ಆಗದೆ ಸದ್ದಿಲ್ಲದೆ ವಸ್ತು ನುಂಗುವ ಬಗ್ ಯಾವ ಮೀಟರ್‌ನಲ್ಲೂ ಬರುವುದಿಲ್ಲ.

ಇನ್ನು ರಿಪೇರಿಯ ಖರ್ಚು. ಕೋಡ್ ಬದಲಿಸುವುದು ಅದರ ಸಣ್ಣ ಭಾಗ. ಹೊಸ ಬಿಲ್ಡ್ (ಓಡಿಸಬಲ್ಲ ಹೊಸ ಪ್ರತಿ) ಆಗಬೇಕು, ಹಳೆಯದೇನೂ ಕೆಟ್ಟಿಲ್ಲ ಅಂತ ಎಲ್ಲ ಸಾಧನಗಳಲ್ಲಿ ಮತ್ತೆ ಟೆಸ್ಟ್ ಮಾಡಬೇಕು, ಸ್ಟೋರ್‌ಗಳ ಪರಿಶೀಲನೆ ದಾಟಬೇಕು. ಒಂದು ರಿಪೇರಿಗಾದರೂ ಇಪ್ಪತ್ತಕ್ಕಾದರೂ ಈ ಖರ್ಚು ಹೆಚ್ಚುಕಡಿಮೆ ಅಷ್ಟೇ. ಬಸ್ ತುಂಬುವವರೆಗೆ ಹೊರಡದ ಡ್ರೈವರ್‌ನ ಲೆಕ್ಕ ಇದು. ಟಿವಿಗೆ ಜೋಡಿಸಿ ಆಡುವ ಕನ್ಸೋಲ್‌ಗಳಲ್ಲಿ ಹಿಂದೆ ಇದು ಇನ್ನೂ ದುಬಾರಿ ಇತ್ತು. 2012ರಲ್ಲಿ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ 360 ಕನ್ಸೋಲ್‌ನಲ್ಲಿ ಫೆಜ್ ಎಂಬ ಆಟದ ಪ್ಯಾಚ್ (ರಿಪೇರಿ ಅಪ್‌ಡೇಟ್) ಕೆಲವರ ಸೇವ್ ಫೈಲ್, ಅಂದರೆ ಆಟದ ಪ್ರಗತಿ ಉಳಿಸಿದ ಫೈಲ್, ಹಾಳು ಮಾಡಿತು. ಮತ್ತೊಂದು ಪ್ಯಾಚ್ ಅನ್ನು ಮೈಕ್ರೋಸಾಫ್ಟ್ ಪರೀಕ್ಷಿಸಿ ಒಪ್ಪುವ ಪ್ರಮಾಣೀಕರಣಕ್ಕೆ ಹತ್ತಾರು ಸಾವಿರ ಡಾಲರ್ ಬೇಕಾಗುತ್ತದೆ, ತೊಂದರೆ ಆಗುವುದು ಶೇಕಡಾ ಒಂದಕ್ಕಿಂತ ಕಡಿಮೆ ಜನರಿಗೆ ಎಂದು ಲೆಕ್ಕ ಹಾಕಿ, ತಯಾರಕರು ಅದೇ ಪ್ಯಾಚ್ ಉಳಿಸಿಕೊಂಡರು. ಮರುವರ್ಷ ಮೈಕ್ರೋಸಾಫ್ಟ್ ಆ ಶುಲ್ಕವನ್ನೇ ತೆಗೆದುಹಾಕಿತು.

ಹೊರಗಿನವರಿಗೆ ಕಾಣದ ಇನ್ನೊಂದು ಕಾರಣ, ಆಟಕ್ಕೆ ದುಡ್ಡು ಹಾಕುವ ಪಬ್ಲಿಷರ್ ಜೊತೆಗಿನ ಒಪ್ಪಂದ. ನಮಗೆ ಕಂತು ಬರುತ್ತಿದ್ದುದು ಮೈಲಿಗಲ್ಲು ಮುಟ್ಟಿದಾಗ: ಹೊಸ ನಕ್ಷೆ, ಹೊಸ ಪಾತ್ರ, ಹೊಸ ಸೀಸನ್. ಬಗ್ ಸರಿಪಡಿಸಿದ್ದಕ್ಕೆ ಕಂತು ಇರಲಿಲ್ಲ. ಒಬ್ಬ ಪ್ರೋಗ್ರಾಮರ್ ಒಂದು ವಾರ ರಿಪೇರಿಗೆ ಕೂತರೆ ಆ ವಾರ ಮೈಲಿಗಲ್ಲಿನಿಂದ ಕಳೆಯುತ್ತದೆ. ಸಂಬಳ ಕೊಡಬೇಕಾದ ಸ್ಟುಡಿಯೊ ಯಾವುದನ್ನು ಮುಂದೆ ಹಾಕುತ್ತದೆ ಹೇಳಿ? ಜೊತೆಗೆ ಮಾರ್ಕೆಟಿಂಗ್ ಕೂಡ ದೊಡ್ಡ ಅಪ್‌ಡೇಟ್ ಕೇಳುತ್ತದೆ. ಸಣ್ಣ ಪ್ಯಾಚ್‌ನ ಸುದ್ದಿ ಯಾರಿಗೂ ಬೇಡ, ಸೀಸನ್ ಜೊತೆ ಉದ್ದನೆಯ ರಿಪೇರಿ ಪಟ್ಟಿ ಬಂದರೆ ಬಿಟ್ಟುಹೋದವರು ವಾಪಸ್ ಬರುತ್ತಾರೆ.

ಎಲ್ಲ ತಡವೂ ಕೆಟ್ಟದ್ದಲ್ಲ. ದೊಡ್ಡ ಸೇಲ್‌ಗೆ ಮುಂಚೆ ಅಥವಾ ಎಲ್ಲರೂ ರಜೆಗೆ ಹೋಗುವ ಮುಂಚೆ ಅಪ್‌ಡೇಟ್ ನಿಲ್ಲಿಸುವುದನ್ನು ನಾನೇ ಪಟ್ಟು ಹಿಡಿದು ಮಾಡಿಸುತ್ತೇನೆ. ರಿಪೇರಿ ಹೊಸ ಬಗ್ ತಂದರೆ ಆಗ ಸರಿ ಮಾಡಲು ಯಾರೂ ಇರುವುದಿಲ್ಲ. ನನ್ನ ಜಗಳ ಇದ್ದಿದ್ದು, ಆಟಗಾರರ ಗಳಿಕೆ ಅಳಿಸುವ ಬಗ್ ಅನ್ನೂ ಬಣ್ಣ ತಪ್ಪಿದ ಬಟನ್ ಅನ್ನೂ ಒಂದೇ ಸಾಲಿನಲ್ಲಿ ಕಾಯಿಸುವುದರ ಬಗ್ಗೆ.

ಅನ್ಯಾಯ ಅಂತ ವಾದ ಮಾಡಿದರೆ ಎಲ್ಲರೂ ತಲೆಯಾಡಿಸಿ ಮುಂದಿನ ಸಾಲಿಗೆ ಹೋಗುತ್ತಿದ್ದರು. ಹಾಗಾಗಿ ಅವರ ಭಾಷೆಯಲ್ಲೇ ಮಾತಾಡಿದೆ. ಪಟ್ಟಿಗೆ ಒಂದು ಕಾಲಂ ಸೇರಿಸಿದೆ: ಈ ಬಗ್ ಇರುವ ಪ್ರತಿ ವಾರದ ಖರ್ಚು. ಅದರಲ್ಲಿ ಸಪೋರ್ಟ್ ತಂಡದ ಸಮಯ, ಸಮಾಧಾನಕ್ಕೆ ಕೊಟ್ಟ ರತ್ನ, ವಸ್ತು ಕಳೆದುಕೊಂಡ ಮೇಲೆ ಆಡುವುದನ್ನೇ ಬಿಟ್ಟವರು, ಬಿಡುವ ಮುಂಚೆ ಅವರು ಖರ್ಚು ಮಾಡುತ್ತಿದ್ದದ್ದು, ಎಲ್ಲ ಇತ್ತು. ಪೆಟ್ಟಿಗೆ ಬಗ್‌ನಿಂದ ಹೋದವರಲ್ಲಿ ಹಳೆಯ ಆಟಗಾರರೇ ಜಾಸ್ತಿ, ಆಟಕ್ಕೆ ಜಾಸ್ತಿ ದುಡ್ಡು ಹಾಕುತ್ತಿದ್ದವರೂ ಅವರೇ. ಆ ಅಂಕಿ ನೋಡಿದ ಮೇಲೆ ಹಣಕಾಸಿನವರು ತಾವಾಗೇ ಕೇಳಿದರು, ಇದು ಯಾಕೆ ಇನ್ನೂ ಬಾಕಿ ಅಂತ.

ರೇನ್‌ಬೋ ಸಿಕ್ಸ್ ಸೀಜ್ ಆಟದ ಉದಾಹರಣೆಯನ್ನೂ ಮುಂದಿಟ್ಟೆ. 2017ರಲ್ಲಿ ಅದರ ತಯಾರಕ ಕಂಪನಿ ಯೂಬಿಸಾಫ್ಟ್ ಒಂದು ಸೀಸನ್‌ನ ಹೊಸ ಪಾತ್ರಗಳನ್ನು ಮುಂದೂಡಿ, ಆ ಅವಧಿಯನ್ನು ಸರ್ವರ್ ಮತ್ತು ಬಗ್ ರಿಪೇರಿಗೆ ಮೀಸಲಿಟ್ಟಿತು. ಆ ಆಟ ಆಮೇಲೂ ವರ್ಷಗಟ್ಟಲೆ ಓಡಿತು. ನಮ್ಮಂಥ ಸಣ್ಣ ಸ್ಟುಡಿಯೊಗೆ ಇಡೀ ಸೀಸನ್ ಕೈಬಿಡಲಾಗದು. ಅದಕ್ಕೆ ಮುಂದಿನ ಒಪ್ಪಂದದಲ್ಲಿ ರಿಪೇರಿಯನ್ನೂ ಒಂದು ಮೈಲಿಗಲ್ಲು ಮಾಡಿ ಎಂದು ಕೇಳಿದೆವು. ಚೌಕಾಸಿ ಸಾಕಷ್ಟಾಯಿತು. ಕೊನೆಗೆ ಪಬ್ಲಿಷರ್ ಒಪ್ಪಿದರು.

ತಾಂತ್ರಿಕವಾಗಿ ಎರಡು ಬದಲಾವಣೆ ಮಾಡಿದೆವು. ಹೊಸ ಸೀಸನ್‌ನ ಕೆಲಸ ನಡೆಯುವ ಕೋಡ್‌ನಿಂದ, ಆಟಗಾರರ ಕೈಲಿರುವ ಆವೃತ್ತಿಯ ಕೋಡ್ ಅನ್ನು ಬೇರೆ ಇಟ್ಟೆವು. ಅರ್ಧ ಮುಗಿದ ನಕ್ಷೆಗೆ ಕಾಯದೆ ಸಣ್ಣ ರಿಪೇರಿ ಕಳಿಸಬಹುದು. ಎರಡನೆಯದು, ಆಟದ ಭಾಗಗಳನ್ನು ಸರ್ವರ್‌ನಿಂದಲೇ ಆಫ್ ಮಾಡುವ ಸ್ವಿಚ್. ಅಂಗಡಿಗೆ ಮೊದಲಿಂದಲೂ ಇತ್ತು, ಪೆಟ್ಟಿಗೆಗೆ ಇರಲಿಲ್ಲ. ಈಗ ಪೆಟ್ಟಿಗೆಗೂ ಇದೆ, ಸೇವ್ ಮುಟ್ಟುವ ಪ್ರತಿ ಭಾಗಕ್ಕೂ ಇದೆ.

ಈ ಎರಡೂ ಆದ ಮೇಲೆ ಒಂದು ನಿಯಮ ಬರೆಸಿಕೊಂಡೆ: ಆಟಗಾರರ ಸೇವ್ ಅಥವಾ ಗಳಿಸಿದ ವಸ್ತು ಹಾಳುಮಾಡುವ ಬಗ್ ವಿಷಯದಲ್ಲಿ "ತಪ್ಪಿಸಿಕೊಳ್ಳುವ ದಾರಿ ಇದೆ" ಎಂಬ ಕಾರಣ ಚಲಾವಣೆ ಇಲ್ಲ. ಅಂಥದ್ದು ಬಂದರೆ ಮೀಟಿಂಗ್‌ಗೆ ಕಾಯುವುದಿಲ್ಲ. ಮೊದಲು ಸ್ವಿಚ್ ಆಫ್, ಆಮೇಲೆ ರಿಪೇರಿ.

ಆಟಗಾರರಿಗೆ ಹೇಳುವುದಾದರೆ, ರಿವ್ಯೂನಲ್ಲಿ ಬೈಯುವ ಜೊತೆಗೆ ಆಟದೊಳಗಿನ ಸಪೋರ್ಟ್ ಟಿಕೆಟನ್ನೂ ಹಾಕಿ. ಸಾಧನ ಯಾವುದು, ಏನು ಮಾಡಿದಾಗ ಆಯಿತು, ಏನು ಕಳೆದುಹೋಯಿತು, ಎಷ್ಟು ದಿನದಿಂದ ಆಡುತ್ತಿದ್ದೀರಿ, ಇಷ್ಟು ಸಾಕು. ನನ್ನ ಆ ಹೊಸ ಕಾಲಂ ತುಂಬುವುದು ಆ ಟಿಕೆಟ್‌ಗಳಿಂದಲೇ.