ಬಾಸೆಲ್‌ಗೆ ಹೊಸದಾಗಿ ಬಂದವರಿಗೆ: ಮೂರು ದೇಶಗಳ ನಡುವೆ ಸಂಸಾರ

ಸ್ವಿಟ್ಜರ್‌ಲೆಂಡಿನ ಗಡಿನಗರ ಬಾಸೆಲ್‌ಗೆ ಬಂದಿಳಿದ ಕನ್ನಡಿಗರು ಮೊದಲು ಕೇಳುವ ಪ್ರಶ್ನೆ: “ಗಡಿಯಾಚೆ ಬಾಡಿಗೆ ಕಡಿಮೆಯಂತೆ, ಫ್ರಾನ್ಸಿನಲ್ಲೋ ಜರ್ಮನಿಯಲ್ಲೋ ಮನೆ ಮಾಡಿ ಇಲ್ಲಿಗೆ ಕೆಲಸಕ್ಕೆ ಬರಬಹುದೇ?” ಭಾರತದ ಪಾಸ್‌ಪೋರ್ಟ್ ಹಿಡಿದ ಹೊಸಬರಿಗೆ ಸಾಮಾನ್ಯವಾಗಿ ಆಗದು. ಗಡಿ ದಾಟಿ ಬಂದು ದುಡಿಯುವವರಿಗೆ ಕೊಡುವ ‘ಜಿ’ ಪರ್ಮಿಟ್ ಸಿಗಬೇಕಾದರೆ ಆ ದೇಶದಲ್ಲಿ ಕಾಯಂ ವಾಸದ ಹಕ್ಕು ಇರಬೇಕು, ಗಡಿ ಪ್ರದೇಶದಲ್ಲಿ ಕನಿಷ್ಠ ಆರು ತಿಂಗಳು ನೆಲೆಸಿರಬೇಕು. ಬಾಡಿಗೆ ಕರಾರಿಗೆ ಸಹಿ ಹಾಕುವ ಮುನ್ನ ವಲಸೆ ಕಚೇರಿಯಲ್ಲಿ ವಿಚಾರಿಸಿ.

ಇದೊಂದನ್ನು ಬಿಟ್ಟರೆ ಇಲ್ಲಿನ ಬದುಕು ಮೂರು ದೇಶಗಳಲ್ಲೂ ಹರಡಿಕೊಂಡಿದೆ. ವಿಮಾನ ನಿಲ್ದಾಣ ಇರುವುದು ಫ್ರಾನ್ಸಿನ ನೆಲದಲ್ಲಿ. 1949ರ ಒಪ್ಪಂದದಂತೆ ಫ್ರಾನ್ಸ್ ಮತ್ತು ಸ್ವಿಟ್ಜರ್‌ಲೆಂಡ್ ಕೂಡಿ ಅದನ್ನು ನಡೆಸುತ್ತವೆ. ಹೊರಬರುವಾಗ ಸ್ವಿಸ್ ಬಾಗಿಲನ್ನೇ ಹಿಡಿಯಿರಿ, ನಗರಕ್ಕೆ ಬರುವ 50ನೇ ನಂಬರಿನ ಬಸ್ ಅಲ್ಲಿ ಸಿಗುತ್ತದೆ.

ಶನಿವಾರ 8ನೇ ನಂಬರಿನ ಟ್ರ್ಯಾಮ್ ಹತ್ತಿ ನೋಡಿ. 2014ರಿಂದ ಅದು ಜರ್ಮನಿಯ ವೈಲ್ ಆಮ್ ರೈನ್‌ವರೆಗೆ ಹೋಗುತ್ತದೆ. ಮರಳುವಾಗ ತುಂಬಿದ ಚೀಲ ಹೊತ್ತವರು ಜರ್ಮನಿಯ ಸುಂಕದ ಕಟ್ಟೆಯ ಮುಂದೆ, ಸಾಮಾನು ದೇಶದಾಚೆ ಹೋಯಿತೆಂದು ತೋರಿಸುವ ಹಸಿರು ಚೀಟಿ ಹಿಡಿದು ಸಾಲು ನಿಂತಿರುತ್ತಾರೆ. ಬಿಲ್ 50 ಯೂರೊ ದಾಟಿದ್ದರೆ, ಮುದ್ರೆ ಬಿದ್ದ ಆ ಚೀಟಿಯನ್ನು ಅಂಗಡಿಗೆ ಕೊಟ್ಟು ಜರ್ಮನಿಯ ತೆರಿಗೆ ಹಿಂಪಡೆಯಬಹುದು. ಸ್ವಿಟ್ಜರ್‌ಲೆಂಡಿನ ಕಡೆ, 2025ರಿಂದ ತಂದ ಸಾಮಾನಿನ ಬೆಲೆ ತಲೆಗೆ ದಿನಕ್ಕೆ 150 ಫ್ರಾಂಕ್ ಮೀರಿದರೆ ಇಲ್ಲಿನ ತೆರಿಗೆ ಕಟ್ಟಲೇಬೇಕು.

ಆದರೆ ನೆರೆಯವರನ್ನು ಬರೀ ಅಗ್ಗದ ಸಂತೆಯೆಂದು ಕಾಣಬೇಡಿ ಎಂಬುದು ನನ್ನ ಕಳಕಳಿಯ ಮಾತು. ಬಾಸೆಲ್, ಜರ್ಮನಿಯ ಬಾಡೆನ್, ಫ್ರಾನ್ಸಿನ ಆಲ್ಸಾಸ್ ಮೂರೂ ಕಡೆಯ ಹಳೆಯ ಆಡುನುಡಿ ಅಲೆಮಾನಿಕ್ ಎಂಬ ಒಂದೇ ಜರ್ಮನ್ ಉಪಭಾಷೆಗಳ ಬಳಗದ್ದು. ಯುದ್ಧಗಳು ಈ ಜನರನ್ನು ಬೇರೆ ಬೇರೆ ಬಾವುಟಗಳಡಿ ನಿಲ್ಲಿಸಿದವು; ಸಹಕಾರವನ್ನು ಮತ್ತೆ ಕಟ್ಟಲು 1963ರಲ್ಲಿ ಇಲ್ಲಿ ‘ರೆಜಿಯೊ ಬಾಸಿಲಿಯೆನ್ಸಿಸ್’ ಎಂಬ ಸಂಘ ಹುಟ್ಟಿತು. 1986ರ ನವೆಂಬರ್ 1ರಂದು ಬಾಸೆಲ್ ಬಳಿಯ ಶ್ವೈಟ್ಸರ್‌ಹಾಲೆಯ ರಾಸಾಯನಿಕ ಗೋದಾಮು ಹೊತ್ತಿಕೊಂಡಾಗ, ಬೆಂಕಿ ಆರಿಸಿದ ನೀರು ನದಿಗೆ ಸೇರಿ ರೈನ್ ಕೆಂಪಾಯಿತು. ಹಾವುಮೀನುಗಳು ರಾಶಿರಾಶಿಯಾಗಿ ಸತ್ತವು. ವಿಷ ಯಾವ ಗಡಿಯಲ್ಲೂ ನಿಲ್ಲಲಿಲ್ಲ. ಆ ದುರಂತದ ನಂತರ, 1993ರಿಂದ, ವೈಲ್‌ನಲ್ಲಿ ನದಿಯ ನೀರನ್ನು ಪರೀಕ್ಷಿಸುವ ಕೇಂದ್ರವೊಂದಿದೆ: ನೆಲ ಜರ್ಮನಿಯದು, ದಿನದ ಕೆಲಸ ನೋಡಿಕೊಳ್ಳುವುದು ಬಾಸೆಲ್‌ನ ಪರಿಸರ ಇಲಾಖೆ. ಒಬ್ಬರ ಅಂಗಳದಲ್ಲಿ ಇನ್ನೊಬ್ಬರು ಕಾವಲು ಕೂರುವಷ್ಟು ನಂಬಿಕೆ ಬೆಳೆದಿದೆ.

ಬಿಡುವಾದಾಗ ವೈಲ್‌ನಿಂದ ಫ್ರಾನ್ಸಿನ ಯುನಾಂಗ್‌ಗೆ ಪಾದಚಾರಿ ಸೇತುವೆಯ ಮೇಲೆ ನಡೆದು ಹೋಗಿ. ಅಲ್ಲಿನ ಅಂಗಡಿಯಲ್ಲಿ ಮಾತು ಶುರು ಮಾಡುವ ಮೊದಲು ‘ಬೊಂಝೂರ್’ (ನಮಸ್ಕಾರ) ಎನ್ನಿ. ಪಾಸ್‌ಪೋರ್ಟ್ ಮತ್ತು ಪರ್ಮಿಟ್ ಕಾರ್ಡ್ ಜೇಬಿನಲ್ಲಿರಲಿ. 2023ರಿಂದ ಜರ್ಮನಿಯ ಪೊಲೀಸರು ಈ ಗಡಿಯಲ್ಲಿ ಮತ್ತೆ ತಪಾಸಣೆ ನಡೆಸುತ್ತಿದ್ದಾರೆ.