ಲಿವರ್ ರೋಗಿಯ ಪಥ್ಯ ಬಿಡಿಸುವ ಕೆಲಸ

ವಿಜಯಪುರದಲ್ಲಿ ಆಹಾರ ತಜ್ಞೆಯಾಗಿ ಕೆಲಸ ಮಾಡುತ್ತೇನೆ. ಸಕ್ಕರೆ ಕಾಯಿಲೆಯವರಿಗೆ ತಿನ್ನಬೇಡಿ ಅನ್ನುವುದೇ ಹೆಚ್ಚು. ಸಿರೋಸಿಸ್ (ಲಿವರ್ ಗಾಯಗೊಂಡು ಗಟ್ಟಿಯಾಗುವ ಕಾಯಿಲೆ) ಆದವರನ್ನು ಮಾತ್ರ ತಿನ್ನಿ ಎಂದು ಒಪ್ಪಿಸಬೇಕು. ಅವರ ಮನೆಯಲ್ಲಿ ನಾನು ಬಾಯಿ ತೆರೆಯುವ ಮೊದಲೇ ಪಥ್ಯ ಶುರುವಾಗಿರುತ್ತದೆ. "ಕಾಮಣಿ ಆಗೇದ್ರಿ, ಎಣ್ಣಿ ಬಿಡಿಸೀವಿ, ಬ್ಯಾಳಿ ಬಿಡಿಸೀವಿ, ಬರೇ ಮಜ್ಜಿಗಿ ಅನ್ನ ಕೊಡಾಕತ್ತೀವಿ" ಅಂತ ಹೆಮ್ಮೆಯಿಂದ ಹೇಳುತ್ತಾರೆ. ಎದುರಿಗೆ ಕೂತ ರೋಗಿಯ ಹೊಟ್ಟೆ ಉಬ್ಬಿರುತ್ತದೆ, ತೋಳು ಒಣಗಿರುತ್ತದೆ.

ತಕ್ಕಡಿಯನ್ನು ನಾನು ನಂಬುವುದಿಲ್ಲ, ಅದು ಹೊಟ್ಟೆಯ ನೀರನ್ನೂ ತೂಗುತ್ತದೆ. 60 ಕೆ.ಜಿ. ತೋರಿಸಿದರೆ, ಮಧ್ಯಮ ಪ್ರಮಾಣದ ನೀರಿಗೆ ನೂರಕ್ಕೆ 10, ಕಾಲಿನ ಊತಕ್ಕೆ ಇನ್ನೂ 5 ಕಳೆದು 51 ಎಂದು ಹಿಡಿಯುತ್ತೇನೆ. ತೋಳಿಗೆ ಟೇಪು ಸುತ್ತಿ ಬರೆದಿಡುತ್ತೇನೆ, ಕೈ ಊರದೆ ಕುರ್ಚಿಯಿಂದ ಏಳಿಸಿ ನೋಡುತ್ತೇನೆ. ಕೆ.ಜಿ.ಗೆ ಸುಮಾರು 35 ಕ್ಯಾಲೊರಿ, 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. ಅಂದರೆ ಇವರಿಗೆ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್. ಇದಕ್ಕೆ ದುಬಾರಿ ಡಬ್ಬಿ ಪುಡಿ ಬೇಕಿಲ್ಲ. 200 ಗ್ರಾಂ ಜೋಳದ ಹಿಟ್ಟಿನ ರೊಟ್ಟಿ, 80 ಗ್ರಾಂ ಹೆಸರು, ಮಡಕಿ ಅಥವಾ ಬೇಳೆ, ಹಾಲು-ಮೊಸರು ಸೇರಿ ಅರ್ಧ ಲೀಟರ್, ಒಂದು ಹಿಡಿ ಶೇಂಗಾ: ಲೆಕ್ಕ ಅಲ್ಲಿಗೇ ಮುಟ್ಟುತ್ತದೆ. ಹೊಟ್ಟೆಯಲ್ಲಿ ನೀರಿರುವವರು ಒಮ್ಮೆಲೇ ಇಷ್ಟು ಉಣ್ಣಲಾರರು. ಐದಾರು ಸಲ ಸ್ವಲ್ಪಸ್ವಲ್ಪ ಕೊಡಬೇಕು.

ನಾನು ಹೆಚ್ಚು ಹಟ ಹಿಡಿಯುವುದು ರಾತ್ರಿಯ ವಿಷಯಕ್ಕೆ. ಲಿವರ್ ಸಕ್ಕರೆಯನ್ನು ಕೂಡಿಟ್ಟುಕೊಂಡು ನಿದ್ದೆಯ ಹೊತ್ತಿನಲ್ಲಿ ಮೈಗೆ ಹಂಚುತ್ತದೆ. ಸಿರೋಸಿಸ್ ಆದ ಲಿವರ್‌ನಲ್ಲಿ ಆ ದಾಸ್ತಾನು ಬೇಗ ಖಾಲಿ. ಆಮೇಲೆ ದೇಹ ಸ್ನಾಯುವನ್ನೇ ಕರಗಿಸುತ್ತದೆ. ಗಟ್ಟಿಮುಟ್ಟಾದವರು ಎರಡು-ಮೂರು ದಿನ ಉಪವಾಸ ಬಿದ್ದರೆ ಆಗುವ ಸ್ಥಿತಿ ಇವರಿಗೆ ಒಂದೇ ರಾತ್ರಿಯಲ್ಲಿ. ಹಳ್ಳಿಯಲ್ಲಿ ಏಳೂವರೆಗೆ ಉಂಡು ಮಲಗಿದವರು ಬೆಳಗ್ಗೆ ಒಂಬತ್ತರವರೆಗೆ ಚಹಾದಲ್ಲೇ ಇರುತ್ತಾರೆ. 2008ರಲ್ಲಿ ನ್ಯೂಜಿಲೆಂಡಿನ ಸಂಶೋಧಕರು ಒಂದೇ ಪೌಷ್ಟಿಕ ಪೇಯವನ್ನು ಕೆಲವರಿಗೆ ಹಗಲು, ಕೆಲವರಿಗೆ ರಾತ್ರಿ ವರ್ಷವಿಡೀ ಕೊಟ್ಟ ಫಲಿತಾಂಶ ಪ್ರಕಟಿಸಿದರು. ಮೈಯಲ್ಲಿ ಪ್ರೋಟೀನ್ ಕೂಡಿದ್ದು ರಾತ್ರಿ ಕುಡಿದವರಿಗೆ.

ನಮ್ಮಲ್ಲಿ ರಾತ್ರಿ ಹತ್ತರ ಮೇಲೆ ಒಲೆ ಹಚ್ಚು ಅಂದರೆ ಸೊಸೆಯ ಮುಖ ಸಣ್ಣದಾಗುತ್ತದೆ, ಅದು ತಪ್ಪೂ ಅಲ್ಲ. ಅದಕ್ಕೇ ಮಾದಲಿ ಮಾಡಿಡಲು ಹೇಳುತ್ತೇನೆ. ಗೋಧಿ, ಕಡಲೆಬೇಳೆ, ಪುಟಾಣಿ, ಬೆಲ್ಲ ಎಲ್ಲ ಅದರಲ್ಲಿದೆ, ಡಬ್ಬಿಯಲ್ಲಿ ಕೆಡದೆ ಇರುತ್ತದೆ. ಮಲಗುವ ಮುಂಚೆ ಒಂದು ಬಟ್ಟಲು, ಮೇಲೆ ಕಾಯಿಸಿದ ಹಾಲು. "ಜಾತ್ರಿ ಊಟ ದಿನಾ ಹಾಕಿದ್ರ ಹೆಂಗ್ರಿ?" ಎಂದು ನಗುತ್ತಾರೆ, ಆದರೆ ಮಾಡುತ್ತಾರೆ. ಸಕ್ಕರೆ ಕಾಯಿಲೆಯೂ ಇದ್ದರೆ ಬೆಲ್ಲ ಬಿಟ್ಟು ಹಾಲಿನಲ್ಲಿ ರೊಟ್ಟಿ ಮುರಿದು ತಿನ್ನಲಿ. ಶ್ರಾವಣ ಸೋಮವಾರದ ಉಪವಾಸವನ್ನು ಮನೆಯ ಬೇರೆಯವರು ರೋಗಿಯ ಹೆಸರಲ್ಲಿ ಮಾಡಬಹುದು ಎಂದರೆ ಸಾಮಾನ್ಯವಾಗಿ ಜಗಳವಿಲ್ಲದೆ ಮುಗಿಯುತ್ತದೆ.

ಜಗಳ ಬರುವುದು ಮಂಪರು ಬಂದಾಗ. ಪ್ರೋಟೀನ್‌ನಿಂದ ಹುಟ್ಟುವ ಅಮೋನಿಯಾವನ್ನು ಕೆಟ್ಟ ಲಿವರ್ ತೆಗೆಯಲಾರದೆ, ಅದು ಮಿದುಳಿಗೆ ತಟ್ಟಿದಾಗ ಹೀಗಾಗುತ್ತದೆ. ರೋಗಿ ತಡವರಿಸಿದ ಕೂಡಲೇ ಬೇಳೆ, ಮೊಟ್ಟೆ ಬಂದ್. ಹಿಂದೆ ವೈದ್ಯರೂ ಹಾಗೇ ಹೇಳುತ್ತಿದ್ದರು. 2004ರಲ್ಲಿ ಬಾರ್ಸಿಲೋನಾದ ವೈದ್ಯರು ಮಂಪರು ಬಂದವರಿಗೇ ಮಾಮೂಲಿ ಪ್ರೋಟೀನ್ ಕೊಟ್ಟು ನೋಡಿದರು. ಮಂಪರು ಹೆಚ್ಚಲಿಲ್ಲ, ಕಡಿಮೆ ಕೊಟ್ಟವರ ಮೈಯೇ ಹೆಚ್ಚು ಕರಗಿತು. ರಕ್ತದ ಅಮೋನಿಯಾವನ್ನು ಸ್ನಾಯು ಕೂಡ ತೆಗೆದುಹಾಕುತ್ತದೆ, ಅದನ್ನೇ ಕರಗಿಸಿದರೆ ಆ ಕೆಲಸಕ್ಕೆ ಯಾರು? ಇಂಥವರಿಗೆ ಮಾಂಸಕ್ಕಿಂತ ಕಾಳು, ಮೊಸರು ಚೆನ್ನಾಗಿ ಒಗ್ಗುತ್ತವೆ. ಅಮೋನಿಯಾ ಹೊರಹಾಕಲು ಕೊಡುವ ಭೇದಿಯ ಔಷಧಿ ಲ್ಯಾಕ್ಟುಲೋಸ್ ಕುಡಿದು ದಿನಕ್ಕೆ ಎರಡು-ಮೂರು ಸಲ ಹೊರಕಡೆ ಆಗುತ್ತಿದೆಯೇ ಎಂದು ಮೊದಲು ಕೇಳುತ್ತೇನೆ.

ಉಪ್ಪಿನಲ್ಲಿ ನಮ್ಮ ಕಡೆಯವರಿಗೆ ಒಂದು ಅನುಕೂಲವಿದೆ: ಜೋಳದ ರೊಟ್ಟಿಗೆ ಉಪ್ಪು ಹಾಕುವುದಿಲ್ಲ. ಅದು ಅಡಗಿರುವುದು ಶೇಂಗಾ ಹಿಂಡಿ, ಕೆಂಪು ಚಟ್ನಿ, ಹಪ್ಪಳ, ಉಪ್ಪಿನಕಾಯಿಯಲ್ಲಿ. ರೋಗಿಯ ದಿನದ ಪಾಲನ್ನು, ಸಮ ಮಟ್ಟದ ಒಂದು ಟೀ ಚಮಚ, ಬೇರೆ ಡಬ್ಬಿಯಲ್ಲಿಡಿ ಅನ್ನುತ್ತೇನೆ. ಪೂರ್ತಿ ಸಪ್ಪೆ ಮಾಡಿದರೆ ಊಟವೇ ಬಿಡುತ್ತಾರೆ. ಅಂಗಡಿಯ 'ಕಡಿಮೆ ಸೋಡಿಯಂ' ಉಪ್ಪು ಬೇಡ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಹೊಟ್ಟೆಯ ನೀರಿಗೆ ಕೊಡುವ ಸ್ಪೈರನೊಲ್ಯಾಕ್ಟೋನ್ ಜೊತೆ ರಕ್ತದಲ್ಲಿ ಪೊಟ್ಯಾಸಿಯಂ ಏರಬಹುದು.

ಇನ್ನೊಂದು ತೊಡಕು ಆಸ್ಪತ್ರೆಯ ದಿನದ್ದೇ. ಇಂಡಿ, ಸಿಂದಗಿ ಕಡೆಯಿಂದ ನಸುಕಿನ ಬಸ್ಸಿಗೆ ಖಾಲಿ ಹೊಟ್ಟೆಯಲ್ಲಿ ಬಂದು ಮಧ್ಯಾಹ್ನದವರೆಗೆ ಹಾಗೇ ಕೂರುತ್ತಾರೆ. ಲಿವರ್‌ನ ರಕ್ತ ಪರೀಕ್ಷೆಗೆ ಸಾಮಾನ್ಯವಾಗಿ ಉಪವಾಸ ಬೇಕಿಲ್ಲ, ಸ್ಕ್ಯಾನಿಂಗ್‌ಗೆ ಬೇಕು. ಅದಕ್ಕೆ ಸ್ಕ್ಯಾನಿಂಗ್ ಚೀಟಿಯನ್ನು ಮೊದಲ ಸರದಿಗೆ ಬರೆಸಿ, ಚೀಲದಲ್ಲಿ ಶೇಂಗಾ ಹೋಳಿಗೆ ಕಟ್ಟಿಕೊಂಡು ಬರಲು ಹೇಳಿರುತ್ತೇನೆ. ಸ್ಕ್ಯಾನಿಂಗ್ ಮುಗಿಸಿ ಹೊರಬಂದ ಕೂಡಲೇ, ವೈದ್ಯರಿಗೆ ಕಾಯುತ್ತಲೇ ತಿಂದುಬಿಡಬೇಕು.