ಎಂಕ್ಯಾಟ್‌ಗಾಗಿ ಆರ್ಗ್ಯಾನಿಕ್ ಕೆಮಿಸ್ಟ್ರಿ ಕೋರ್ಸುಗಳನ್ನು ನಾನು ಆರಿಸಿಕೊಂಡ ಬಗೆ

ಕರ್ನಾಟಕದಲ್ಲಿ ಸಿಬಿಝಡ್ (ರಸಾಯನ, ಸಸ್ಯ ಮತ್ತು ಪ್ರಾಣಿಶಾಸ್ತ್ರ) ಓದಿ ಬಿ.ಎಸ್ಸಿ. ಮುಗಿಸಿ, ಕೆಲವು ವರ್ಷಗಳ ನಂತರ ಅಮೆರಿಕದಲ್ಲಿ ವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕಲು ನಿರ್ಧರಿಸಿದಾಗ, ನನ್ನ ಹಳೆಯ ಅಂಕಪಟ್ಟಿ ಇಲ್ಲಿ ಹೆಚ್ಚು ನೆರವಿಗೆ ಬರುವುದಿಲ್ಲವೆಂಬುದು ಬೇಗನೆ ಸ್ಪಷ್ಟವಾಯಿತು. ಹೆಚ್ಚಿನ ಎಂ.ಡಿ. ಕಾಲೇಜುಗಳ ಅರ್ಜಿಗಳನ್ನು ನಿರ್ವಹಿಸುವ ಆಮ್‌ಕಾಸ್ ವಿದೇಶದಲ್ಲಿ ಪಡೆದ ಅಂಕಗಳನ್ನು ಪರಿಶೀಲಿಸಿ ಜಿಪಿಎ (ಗ್ರೇಡುಗಳ ಸರಾಸರಿ) ಲೆಕ್ಕಕ್ಕೆ ಸೇರಿಸುವುದಿಲ್ಲ. ಅಲ್ಲದೆ ವಿಜ್ಞಾನದ ಕಡ್ಡಾಯ ಕೋರ್ಸುಗಳನ್ನು ಅಮೆರಿಕ ಅಥವಾ ಕೆನಡಾದಲ್ಲಿಯೇ ಓದಿರಬೇಕೆಂದು ಅನೇಕ ಕಾಲೇಜುಗಳು ಬಯಸುತ್ತವೆ. ಆದ್ದರಿಂದ ಆರ್ಗ್ಯಾನಿಕ್ ಕೆಮಿಸ್ಟ್ರಿಯನ್ನು ಮತ್ತೊಮ್ಮೆ ಓದುವುದು ಅನಿವಾರ್ಯವಾಗಿತ್ತು. ಎಷ್ಟು, ಎಲ್ಲಿ ಮತ್ತು ಯಾವ ಕ್ರಮದಲ್ಲಿ ಓದಬೇಕೆಂಬುದಷ್ಟೇ ನನ್ನ ಆಯ್ಕೆಗೆ ಉಳಿದಿತ್ತು.

ಕೋರ್ಸುಗಳ ಪಟ್ಟಿಗಿಂತ ಮೊದಲು ಎಂಕ್ಯಾಟ್, ಅಂದರೆ ಅಮೆರಿಕದ ವೈದ್ಯಕೀಯ ಕಾಲೇಜುಗಳ ಪ್ರವೇಶ ಪರೀಕ್ಷೆಯ ವಿಷಯಸೂಚಿಯನ್ನೇ ಕೈಗೆತ್ತಿಕೊಂಡೆ. ಅಮೆರಿಕದ ವೈದ್ಯಕೀಯ ಕಾಲೇಜುಗಳ ಸಂಘವಾದ ಎಎಎಂಸಿ ನಡೆಸುವ ಎಂಕ್ಯಾಟ್ 2015ರಲ್ಲಿ ಹೊಸ ರೂಪ ಪಡೆದಾಗ ಬಯೋಕೆಮಿಸ್ಟ್ರಿಯ ತೂಕ ಹೆಚ್ಚಿತು, ಆರ್ಗ್ಯಾನಿಕ್‌ನ ಪಾಲು ತಗ್ಗಿತು. ಈಗ 59 ಪ್ರಶ್ನೆಗಳಿರುವ ರಸಾಯನ ಮತ್ತು ಭೌತ ವಿಭಾಗದಲ್ಲಿ ಆರ್ಗ್ಯಾನಿಕ್‌ಗೆ ಸುಮಾರು ಶೇ 15, ಜೀವವಿಜ್ಞಾನ ವಿಭಾಗದಲ್ಲಿ ಸುಮಾರು ಶೇ 5 ಪಾಲಿದ್ದರೆ, ಬಯೋಕೆಮಿಸ್ಟ್ರಿಗೆ ಎರಡರಲ್ಲೂ ತಲಾ ಶೇ 25ರಷ್ಟಿದೆ. ಆಲ್ಕೀನ್‌ಗಳ ಸಂಕಲನ ಕ್ರಿಯೆಗಳಿಗೆ ಸೂಚಿಯಲ್ಲಿ ಪ್ರತ್ಯೇಕ ಶೀರ್ಷಿಕೆಯೇ ಇಲ್ಲ. ಆಲ್ಕೊಹಾಲ್, ಅಲ್ಡಿಹೈಡ್, ಕೀಟೋನ್, ಕಾರ್ಬಾಕ್ಸಿಲಿಕ್ ಆಮ್ಲ ಮತ್ತು ಅದರ ಉತ್ಪನ್ನಗಳು, ಸ್ಟೀರಿಯೊಕೆಮಿಸ್ಟ್ರಿ (ಅಣುಗಳ ಮೂರು ಆಯಾಮದ ರಚನೆ), ಸ್ಪೆಕ್ಟ್ರೋಸ್ಕೋಪಿ (ರೋಹಿತದಿಂದ ಅಣುಗಳನ್ನು ಗುರುತಿಸುವುದು), ಬೇರ್ಪಡಿಸುವ ವಿಧಾನಗಳು ಇವೇ ಅಲ್ಲಿ ಮುಖ್ಯವಾಗಿವೆ.

ಈ ಅಂಕಿಗಳನ್ನು ನೋಡಿ, ನರ್ಸಿಂಗ್ ಮೊದಲಾದ ವಿದ್ಯಾರ್ಥಿಗಳಿಗೆಂದು ಇರುವ ಒಂದೇ ಸೆಮಿಸ್ಟರ್‌ನ ಸಂಕ್ಷಿಪ್ತ ಪರಿಚಯದ ಸರ್ವೇ ಕೋರ್ಸು ಸಾಕೆಂದು ಕೆಲವರು ಸಲಹೆ ನೀಡಿದರು. ನಾನು ಅದನ್ನು ಒಪ್ಪಲಿಲ್ಲ. ಇತ್ತೀಚೆಗೆ ಒಂದು ಸೆಮಿಸ್ಟರ್ ಆರ್ಗ್ಯಾನಿಕ್ ಮತ್ತು ಒಂದು ಸೆಮಿಸ್ಟರ್ ಬಯೋಕೆಮಿಸ್ಟ್ರಿಯನ್ನು ಒಪ್ಪುವ ಕಾಲೇಜುಗಳಿವೆಯಾದರೂ, ಪ್ರಯೋಗಾಲಯದ ಸಹಿತ ಎರಡು ಸೆಮಿಸ್ಟರ್ ಕೇಳುವ ಕಾಲೇಜುಗಳೂ ಇವೆ. ಸರ್ವೇ ಕೋರ್ಸನ್ನು ಕಡ್ಡಾಯ ಕೋರ್ಸಿನ ಬದಲಿಯಾಗಿ ಎಣಿಸದ ಕಾಲೇಜುಗಳೂ ಇವೆ. ಕಾಲೇಜುಗಳ ಪ್ರವೇಶ ನಿಯಮಗಳನ್ನು ಒಟ್ಟಾಗಿ ಕೊಡುವ ಎಎಎಂಸಿಯ ಎಂ.ಎಸ್.ಎ.ಆರ್.ನಲ್ಲಿ ನಾನು ಅರ್ಜಿ ಹಾಕಲಿದ್ದ ಪ್ರತಿ ಕಾಲೇಜಿನ ನಿಯಮವನ್ನೂ ಓದಿ, ಅವುಗಳಲ್ಲಿ ಅತ್ಯಂತ ಕಟ್ಟುನಿಟ್ಟಾದದ್ದನ್ನೇ ಅಳತೆಯಾಗಿ ಇಟ್ಟುಕೊಂಡೆ.

ಅದಕ್ಕಿಂತ ದೊಡ್ಡ ಕಾರಣ ಪಠ್ಯಕ್ರಮದಲ್ಲೇ ಇತ್ತು. ಪರೀಕ್ಷೆಗೆ ಅತ್ಯಗತ್ಯವಾದ ಕಾರ್ಬೊನೈಲ್ (ಇಂಗಾಲ-ಆಮ್ಲಜನಕ ದ್ವಿಬಂಧದ ಗುಂಪು) ರಸಾಯನವನ್ನು ಸಾಮಾನ್ಯವಾಗಿ ಎರಡನೇ ಸೆಮಿಸ್ಟರ್‌ನಲ್ಲಿಯೇ ಕಲಿಸುತ್ತಾರೆ. ನಾನು ಬಿ.ಎಸ್ಸಿ.ಯಲ್ಲಿ ಕಲಿತ ಆಲ್ಡಾಲ್ ಕ್ರಿಯೆ (ಎರಡು ಕಾರ್ಬೊನೈಲ್ ಅಣುಗಳನ್ನು ಜೋಡಿಸುವ ಕ್ರಿಯೆ) ಒಂದು ಹೆಸರು, ಒಂದು ಸಮೀಕರಣ ಮತ್ತು ಐದು ಅಂಕಗಳ ಉತ್ತರವಾಗಿತ್ತು. ಇಲ್ಲಿ ಎಲೆಕ್ಟ್ರಾನುಗಳ ಚಲನೆಯನ್ನು ಬಾಣದಿಂದ ಬಾಣಕ್ಕೆ ಬರೆದು ಕಲಿತ ಮೇಲೆ, ಜೀವಕೋಶವು ಗ್ಲೂಕೋಸನ್ನು ಒಡೆಯುವ ಗ್ಲೈಕಾಲಿಸಿಸ್‌ನಲ್ಲಿ ಆಲ್ಡೊಲೇಸ್ ಎಂಬ ಕಿಣ್ವವು ಆರು ಇಂಗಾಲಗಳ ಫ್ರಕ್ಟೋಸ್ 1,6-ಬಿಸ್‌ಫಾಸ್ಫೇಟನ್ನು ಮೂರು ಇಂಗಾಲಗಳ ಎರಡು ತುಂಡುಗಳಾಗಿ ಸೀಳುವುದು ಅದೇ ಕ್ರಿಯೆಯ ಹಿಮ್ಮುಖ ರೂಪವೆಂದು ತಾನಾಗಿಯೇ ಕಾಣತೊಡಗಿತು. ನಮ್ಮ ದೇಹದ ಆಲ್ಡೊಲೇಸ್ ತನ್ನ ಲೈಸೀನ್ ಎಂಬ ಅಮೈನೋ ಆಮ್ಲದ ಮೂಲಕ ಸಕ್ಕರೆಯ ಕಾರ್ಬೊನೈಲಿನೊಡನೆ ಇಮೀನ್ (ಇಂಗಾಲ-ಸಾರಜನಕ ದ್ವಿಬಂಧ) ರಚಿಸುವುದನ್ನು ಬಾಯಿಪಾಠ ಮಾಡಬೇಕಾಗಲಿಲ್ಲ. ಇದಕ್ಕಾಗಿಯೇ ಬಯೋಕೆಮಿಸ್ಟ್ರಿಯನ್ನು ಆರ್ಗ್ಯಾನಿಕ್‌ನ ಜೊತೆಗಲ್ಲದೆ, ಎರಡನೇ ಸೆಮಿಸ್ಟರ್ ಮುಗಿದ ನಂತರವೇ ಇಟ್ಟುಕೊಂಡೆ. ನನ್ನ ಎಲ್ಲ ನಿರ್ಧಾರಗಳಲ್ಲಿ ಇದೇ ಅತ್ಯಂತ ಹೆಚ್ಚು ಫಲ ನೀಡಿತೆಂದು ನಂಬಿದ್ದೇನೆ.

ಬೇಸಿಗೆಯಲ್ಲಿ ಇಡೀ ಸೆಮಿಸ್ಟರನ್ನು ಕೆಲವೇ ವಾರಗಳಿಗೆ ಅಡಕಗೊಳಿಸಿದ ತರಗತಿಗಳೂ ಇದ್ದವು. ಕ್ರಿಯಾವಿಧಾನಗಳು ಕೈಗೆ ಒಗ್ಗಲು ದಿನಗಳು ಬೇಕು, ಮೇಲಾಗಿ ಈ ಗ್ರೇಡುಗಳೇ ವಿಜ್ಞಾನದ ಜಿಪಿಎಯನ್ನು ನಿರ್ಧರಿಸುತ್ತವೆ. ಹಾಗಾಗಿ ಆ ದಾರಿ ಹಿಡಿಯಲಿಲ್ಲ.

ಪ್ರಯೋಗಾಲಯವನ್ನು ಮುಂದೂಡದೆ ಪಾಠದೊಂದಿಗೇ ತೆಗೆದುಕೊಂಡೆ. ಬೆನ್ಜೋಯಿಕ್ ಆಮ್ಲ ಮತ್ತು ನ್ಯಾಫ್ತಲೀನ್ ಮಿಶ್ರಣವನ್ನು ಡೈಕ್ಲೋರೋಮೀಥೇನ್‌ನಲ್ಲಿ ಕರಗಿಸಿ, ಸೋಡಿಯಂ ಬೈಕಾರ್ಬೊನೇಟ್ ದ್ರಾವಣ ಸೇರಿಸಿ ಬೇರ್ಪಡಿಕೆ ಆಲಿಕೆಯನ್ನು ಅಲುಗಿಸಿದಾಗ ಇಂಗಾಲದ ಡೈಆಕ್ಸೈಡ್ ಬುಸುಗುಡುತ್ತದೆ. ನಲ್ಲಿಯನ್ನು ಆಗಾಗ ತೆರೆದು ಒತ್ತಡ ಬಿಡದಿದ್ದರೆ ಮುಚ್ಚಳ ಹಾರುತ್ತದೆ. ಆಮ್ಲವು ಲವಣವಾಗಿ ಮೇಲಿನ ನೀರಿನ ಪದರಕ್ಕೆ ಬರುತ್ತದೆ, ನ್ಯಾಫ್ತಲೀನ್ ಕೆಳಗೇ ಉಳಿಯುತ್ತದೆ. ಅಲ್ಲಿ ಫೀನಾಲ್ ಇದ್ದಿದ್ದರೆ ಅದೂ ಕೆಳಗೇ ಉಳಿಯುತ್ತಿತ್ತು, ಏಕೆಂದರೆ ಅದರ ಪಿಕೆಎ (ಆಮ್ಲದ ಬಲದ ಅಳತೆ; ಹೆಚ್ಚಿದಷ್ಟೂ ಆಮ್ಲ ದುರ್ಬಲ) ಸುಮಾರು 10. ಅದನ್ನು ಎಳೆಯಲು ಸೋಡಿಯಂ ಹೈಡ್ರಾಕ್ಸೈಡ್ ಬೇಕು. ಎಂಕ್ಯಾಟ್‌ನ ಗದ್ಯಭಾಗಗಳು ಇಂಥ ಪ್ರಯೋಗಗಳನ್ನು ವಿವರಿಸಿ ಯಾವ ಪದರದಲ್ಲಿ ಏನಿದೆಯೆಂದು ಕೇಳುವಂಥವು. ಐಆರ್ (ಅವಕೆಂಪು) ರೋಹಿತದಲ್ಲಿ 1700 cm⁻¹ರ ಬಳಿಯ ಚೂಪಾದ ಕಾರ್ಬೊನೈಲ್ ಶಿಖರವನ್ನು ನಮ್ಮದೇ ಮಾದರಿಯಲ್ಲಿ ಗುರುತಿಸಿದ್ದು ಕೂಡ ಆ ಪ್ರಯೋಗಾಲಯದಲ್ಲಿಯೇ.

ಹಲವು ಹಂತಗಳ ಸಂಶ್ಲೇಷಣೆಯ ಲೆಕ್ಕಗಳನ್ನು ತರಗತಿಯ ಗ್ರೇಡಿಗಾಗಿ ಶ್ರದ್ಧೆಯಿಂದ ಮಾಡಿದೆನಾದರೂ, ಎಂಕ್ಯಾಟ್ ಸಿದ್ಧತೆಯಲ್ಲಿ ಅವುಗಳನ್ನು ಮತ್ತೆ ತೆರೆಯಲಿಲ್ಲ. ಆ ಸಮಯವನ್ನು ಅಮೈನೋ ಆಮ್ಲಗಳ ರಚನೆ, ಪಿಕೆಎ ಮತ್ತು ಸ್ಟೀರಿಯೊಕೆಮಿಸ್ಟ್ರಿಗೆ ಕೊಟ್ಟೆ: ಗ್ಲೈಸೀನ್ ಕೈರಲ್ (ತನ್ನ ಕನ್ನಡಿ ಬಿಂಬದೊಡನೆ ಹೊಂದದ ರಚನೆಯದು) ಅಲ್ಲ, ಪ್ರೋಟೀನುಗಳ ಉಳಿದ ಎಲ್ ಅಮೈನೋ ಆಮ್ಲಗಳು ಎಸ್ ವಿನ್ಯಾಸದವು (ಎಸ್ ಮತ್ತು ಆರ್ ಎಂಬುವು ಪರಮಾಣುಗಳ ಆದ್ಯತೆಯಂತೆ ಕೊಡುವ ಎಡ-ಬಲ ಗುರುತುಗಳು), ಸಿಸ್ಟೀನ್ ಮಾತ್ರ ಅದರಲ್ಲಿರುವ ಗಂಧಕದ ಆದ್ಯತೆಯಿಂದಾಗಿ ಆರ್. ಬಯೋಕೆಮಿಸ್ಟ್ರಿಯ ಅಂತಿಮ ಪರೀಕ್ಷೆ ಮುಗಿದು, ಎಎಎಂಸಿಯ ಅಭ್ಯಾಸ ಪರೀಕ್ಷೆಗಳನ್ನು ಬರೆದು ನೋಡಲು ಸಾಕಷ್ಟು ಬಿಡುವು ಉಳಿಯುವಂತೆ ಎಂಕ್ಯಾಟ್ ದಿನಾಂಕವನ್ನು ನಿಗದಿ ಮಾಡಿಕೊಂಡೆ.